ಇದು ಎಲ್ಲಿಯ ಕೆಸರು?

ಒಂದು ಊರು. ಬೆಳಗಿನ ಹತ್ತು ಗಂಟೆ, ಒಳ್ಳೆ ಬಿಸಿಲು. ಊರಿನ ದೇವಾಲಯದ ದೊಡ್ಡ ಬಾಗಿಲಿನಿಂದ ಜನ ಹೊರಗೆ ಬರುತ್ತಿದ್ದಾರೆ. ದೊರೆ ಬಂದ, ತಲೆ ತಗ್ಗಿಸಿಕೊಂಡು. ಸಭಾಪಾಲಕರು ಬಂದರು, ತಲೆ ತಗ್ಗಿಸಿಕೊಂಡು. ಮಂತ್ರಿ, ಕೊತ್ವಾಲ, ರೊಟ್ಟಿ ಸುಡುವವನು, ಹಾಡುವವರ ಮೇಳ, ಕೈಕೂಸು ಎತ್ತಿಕೊಂಡ ಹೆಂಗಸರು, ಎಲ್ಲರೂ ತಲೆ ತಗ್ಗಿಸಿಕೊಂಡೇ ಬಂದರು. ಗಂಡ ಹೆಂಡತಿಯ ಮುಖ ನೋಡಲಿಲ್ಲ. ಬೀಗರು ಬೀಗರನ್ನು ಮಾತಾಡಿಸಲಿಲ್ಲ. ಅಷ್ಟು ದೊಡ್ಡ ಊರು ತನ್ನ ಕಾಲಬೆರಳನ್ನೇ ನೋಡಿಕೊಂಡು ಮನೆ ಸೇರಿ ಬಾಗಿಲು ಹಾಕಿಕೊಂಡಿತು. ಏನಾಗಿರಬೇಕು, ಹೇಳಿ ನೋಡೋಣ?

ಯಾರೋ ತೀರಿಕೊಂಡರು ಅಂದಿರಾ? ಅಲ್ಲ. ಮಣ್ಣು ಮಾಡಿ ಬರುವವರು ಹೀಗೆ ಬರುವುದಿಲ್ಲ, ಅರ್ಧ ದಾರಿಯಲ್ಲೇ ಕಾಫಿಯ ಮಾತು ಬಂದಿರುತ್ತದೆ. ಯುದ್ಧ ಸೋತರು ಅಂದಿರಾ? ಅದೂ ಅಲ್ಲ. ಸೋತ ಊರು ಯಾರನ್ನಾದರೂ ಬೈಯುತ್ತದೆ, ಸುಮ್ಮನಿರುವುದಿಲ್ಲ. ದೇವಾಲಯದಲ್ಲಿ ಕಳ್ಳತನವಾಯಿತೇ? ಕಳ್ಳತನವಾದರೆ ಜನ ಒಬ್ಬರ ಮುಖ ಒಬ್ಬರು ಬಿಡದೆ ನೋಡುತ್ತಾರೆ ಸ್ವಾಮಿ, ಇದು ನಿಮಗೂ ಗೊತ್ತು. ಬಿಡಿ, ನಿಮ್ಮಿಂದಾಗದು. ನಾನೇ ಹೇಳುತ್ತೇನೆ. ಸ್ವಲ್ಪ ಸುತ್ತುಬಳಸಾದೀತು, ಆದರೂ ಊಟದ ಹೊತ್ತಿಗೆ ಮುಗಿಸುತ್ತೇನೆ.

ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವು ನಕಾಶೆಯಲ್ಲಿ ಹುಡುಕುತ್ತೀರಿ. ಸಿಗದಿದ್ದರೆ ಕಥೆ ಸುಳ್ಳು ಅನ್ನುತ್ತೀರಿ. ಸಿಕ್ಕಿದರೆ, ಸದ್ಯ, ಬೇರೆಯವರ ಊರು ಎಂದು ಕಾಲು ಚಾಚಿ ಕೂರುತ್ತೀರಿ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಶುಭ ಶುಕ್ರವಾರದ ಹಿಂದಿನ ಗುರುವಾರ ದೊರೆಯಾದವನು ದೇವಾಲಯದಲ್ಲಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಮೊಣಕಾಲೂರಿ, ಹನ್ನೆರಡು ಮಂದಿಯ ಕಾಲು ತೊಳೆಯಬೇಕು. ಕರ್ತನೇ ಬಗ್ಗಿ ಬೆಸ್ತರ ಕಾಲು ತೊಳೆದಿದ್ದಾನೆ, ಅವನ ಹೆಸರು ಹೇಳಿಕೊಂಡು ಆಳುವವನು ಅವನಿಗಿಂತ ಎತ್ತರದವನೇ, ಎಂದು ಊರು ಕಟ್ಟಿದವರು ಕೇಳಿದ್ದರಂತೆ. ಇಷ್ಟು ಬೇರೆ ಕಡೆಯೂ ಉಂಟು. ಆದರೆ ಆ ಊರಿನವರು ಅಲ್ಲಿಗೇ ನಿಲ್ಲಿಸಲಿಲ್ಲ. ಹನ್ನೆರಡು ಜೊತೆ ಕಾಲುಗಳು ಊರಿನಲ್ಲೇ ಅತ್ಯಂತ ಕೊಳಕಾದವಾಗಿರಬೇಕು. ನೀರು ಹೊಯ್ಯುವ ಮೊದಲು ದೊರೆ ಪ್ರತಿಯೊಬ್ಬರ ಕಾಲನ್ನೂ ಕೈಯಲ್ಲಿ ಹಿಡಿದು ಕೇಳಬೇಕು: "ಇದು ಎಲ್ಲಿಯ ಕೆಸರು?" ಕಾಲಿನವರು ಹೇಳಬೇಕು: "ಕೆಳಗಿನ ಬೀದಿಯ ಒಡೆದ ಮೋರಿಯದು, ದೊರೆ." ಆಮೇಲೆ ನೀರು, ಆಮೇಲೆ ಬಟ್ಟೆ, ಆಮೇಲೆ ಮುತ್ತು. ಮುಂದಿನ ವರ್ಷದ ಗುರುವಾರದೊಳಗೆ ಆ ಮೋರಿ ಒಡೆದಿರಕೂಡದು. ಕಾಲುಮಣೆಯ ಮೇಲೆ ಇಟ್ಟ ಕಾಲನ್ನು ದೊರೆ ಬೇಡವೆಂದರೆ ಆ ಗಳಿಗೆಯಿಂದ ಅವನು ದೊರೆಯಲ್ಲ.

ಹನ್ನೆರಡು ಜೊತೆ ಕಾಲು, ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ಆ ಊರಿನ ರಾಜ್ಯಭಾರವೆಲ್ಲ ಇಷ್ಟರಲ್ಲೇ ನಡೆಯುತ್ತಿತ್ತು. ನಗಬೇಡಿ, ಬಹಳ ಚೆನ್ನಾಗಿ ನಡೆಯುತ್ತಿತ್ತು.

ಹಾಗಾದರೆ ಕಾಲುಗಳನ್ನು ಹುಡುಕುವವರು ಯಾರು? ಅದಕ್ಕೊಬ್ಬ ಇದ್ದ. ಅವನಿಗೆ ಆರಿಸುವವನು ಎಂದೇ ಹೆಸರು. ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಅವನು ಒದ್ದೆಮಾಡಿದ ಬಿಳಿಯ ಬಟ್ಟೆ ಹಿಡಿದುಕೊಂಡು ಬೀದಿ ಬೀದಿ ತಿರುಗಬೇಕು. ಒಬ್ಬೊಬ್ಬರ ಹಿಮ್ಮಡಿಗೂ ಬಟ್ಟೆ ಒತ್ತಿ, ಬಿದ್ದ ಕಲೆ ನೋಡಬೇಕು. ಬುಧವಾರ ಹನ್ನೆರಡು ಕಡುಗಪ್ಪು ಕಲೆಗಳನ್ನು ಆರಿಸಿ ಹೇಳಬೇಕು. ಅವನು ಆರಿಸಿದೆ ಎಂದರೆ ಆರಿಸಿದ ಹಾಗೆ, ಇಲ್ಲ ಎಂದರೆ ಇಲ್ಲ. ಅವನ ಬಾಯಿಮಾತಿಗೆ ದೊರೆಯೂ ಎದುರಾಡುವಂತಿರಲಿಲ್ಲ. ವರ್ಷ ವರ್ಷದ ಬಟ್ಟೆಗಳನ್ನು ದೇವಾಲಯದ ಪಡಸಾಲೆಯಲ್ಲಿ ಸಾಲಾಗಿ ತೂಗುಹಾಕಿದ್ದರು.

ಆ ಸಾಲಿನ ಉದ್ದಕ್ಕೂ ಒಮ್ಮೆ ನಡೆದುಬಿಟ್ಟರೆ ಸಾಕಿತ್ತು, ಊರಿನ ಚರಿತ್ರೆ ಪುಸ್ತಕ ತೆರೆಯದೆ ತಿಳಿಯುತ್ತಿತ್ತು. ಹಳೆಯ ಬಟ್ಟೆಗಳ ಕಲೆ ಕಾಡಿಗೆಯ ಹಾಗೆ. ನಡುವಿನವು ಬೂದಿಯ ಹಾಗೆ. ಈಚೆಯವು ಗಂಧ ತೇಯ್ದ ಹಾಗೆ ತೆಳ್ಳಗೆ, ಹತ್ತಿರ ಹೋದರೆ ಪರಿಮಳ ಬೇರೆ.

ಹೇಗಾಯಿತು? ಊರಿನವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು. ಈಗಿನವನಿಗಿಂತ ಹಿಂದಿನ ದೊಡ್ಡ ದೊರೆಗೆ ಮಂಡಿನೋವಿತ್ತು, ಮೊಣಕಾಲಡಿಗೆ ದಿಂಬು ಬಂತು, ಅಲ್ಲಿಂದ ಶುರು, ಅನ್ನುವರು ಕೆಲವರು. ಇಲ್ಲ, ನೀರಿಗೆ ಪನ್ನೀರು ಬೆರೆಸಿದ್ದರಿಂದ, ಅನ್ನುವರು ಇನ್ನು ಕೆಲವರು. ಆಮೇಲೆ ದೊರೆಯ ಷಡ್ಡಕನ ಕಾಲು ಹನ್ನೆರಡರಲ್ಲಿ ಸೇರಿತು. ಆಮೇಲೆ ಭಾವಮೈದುನನ ಕಾಲು. ಅರಮನೆಯವರ ಕಾಲಿನಲ್ಲಿ ಕೊಳಕೆಲ್ಲಿಂದ ಬರಬೇಕು? ಅದಕ್ಕೆಂದು ಕೆಸರು ಬಳಿಯುವವನೊಬ್ಬ ನೇಮಕವಾದ. ಬಹಳ ನಯದ ಕೈ ಅವನದು. ಜೇಡಿಮಣ್ಣನ್ನು ಏಳು ಸಲ ಸೋಸಿ, ಗಂಧ ಬೆರೆಸಿ, ನವಿಲುಗರಿಯಲ್ಲಿ ಬಳಿಯುತ್ತಿದ್ದ. ಬಿರುಕುಬಿಟ್ಟ ಹಿಮ್ಮಡಿಯನ್ನು ಎಷ್ಟು ಚಂದ ಬರೆಯುತ್ತಿದ್ದನೆಂದರೆ ಜನ ನೋಡಿ ಕಣ್ಣೀರು ಹಾಕುತ್ತಿದ್ದರು. ದೊರೆ ಆ ಕಾಲು ಹಿಡಿದು, "ಇದು ಎಲ್ಲಿಯ ಕೆಸರು?" ಎಂದರೆ, ಷಡ್ಡಕ ಕಣ್ಣು ಮುಚ್ಚಿ, "ಇದು ಭಕ್ತಿಯ ಕೆಸರು, ದೊರೆ," ಅನ್ನುತ್ತಿದ್ದ. ಸಭೆ ಆಮೆನ್ ಎನ್ನುತ್ತಿತ್ತು. ಭಕ್ತಿಯನ್ನು ರಿಪೇರಿ ಮಾಡುವ ಗಾರೆಯವನು ಎಲ್ಲಿದ್ದಾನೆ? ಮೋರಿಗಳು ಒಡೆದೇ ಇದ್ದವು.

ನಿಜವಾದ ಕೊಳಕು ಕಾಲಿನವರು ಬಂದರೆ ದೇವಾಲಯದ ಬಿಳಿಗಲ್ಲಿನ ನೆಲ ಹಾಳಾಗುತ್ತದೆಂದು ಸಭಾಪಾಲಕರು ಒಂದು ಭಾನುವಾರ ಪ್ರಸಂಗ ಮಾಡಿದರು. ಕೆಟ್ಟ ಮನುಷ್ಯರಲ್ಲ ಅವರು. ದೇವರ ಮನೆ ಶುಭ್ರವಾಗಿರಲಿ ಎಂದದ್ದು, ಅಷ್ಟೇ. ಮುಂದಿನ ಗುರುವಾರ ಕೆಳಗಿನ ಬೀದಿಗಳಿಂದ ಬರುವ ದಾರಿಗೆ ಬಿದಿರಿನ ಅಡ್ಡಗಟ್ಟು ಬಿತ್ತು.

ಇದೆಲ್ಲ ನಡೆಯುವಾಗ ಆರಿಸುವವನು ಏನು ಮಾಡುತ್ತಿದ್ದ? ಆರಿಸುತ್ತಿದ್ದ. ಅರಮನೆಯಿಂದ ಹನ್ನೆರಡು ಹೆಸರು ಬರೆದ ಚೀಟಿ ಬರುತ್ತಿತ್ತು, ಅವನು "ಆರಿಸಿದೆ" ಅನ್ನುತ್ತಿದ್ದ. ಮೂವತ್ತೊಂದು ವರ್ಷ ಅಂದ. ಕರಿಯ ಬೂಟು, ಇಸ್ತ್ರಿಯ ಕೋಟು, ದೇವಾಲಯದಲ್ಲಿ ಮುಂದಿನ ಬೆಂಚು. ದಾರಿಯಲ್ಲಿ ಎಲ್ಲರೂ ನಮಸ್ಕಾರ ಎನ್ನುತ್ತಿದ್ದರು. ಆದರೂ ಯಾರ ಮನೆಗೆ ಹೋದರೂ ಅವನು ಮೊದಲು ನೋಡುತ್ತಿದ್ದದ್ದು ಅವರ ಕಾಲು. ಕಾಲು ನೋಡಿದ ಕೂಡಲೇ ಹವಾಮಾನದ ಮಾತೆತ್ತುತ್ತಿದ್ದ.

ಅವನಿಗೊಬ್ಬಳು ಅಕ್ಕ. ಊರಾಚೆ ಹಂಚು ಸುಡುವ ಆವೆಯಲ್ಲಿ ಮಣ್ಣು ತುಳಿಯುವವಳು. ಮಣ್ಣಿನ ಗುಂಡಿಗೆ ಇಳಿದು, ಹಗ್ಗ ಹಿಡಿದು, ಬೆಳಗಿನಿಂದ ಬೈಗಿನವರೆಗೆ ಕೆಮ್ಮಣ್ಣನ್ನು ಕಾಲಿನಲ್ಲಿ ಹದಮಾಡುವುದು. ಊರಿನವರ ತಲೆಯ ಮೇಲಿನ ಹಂಚೆಲ್ಲ ಅವಳ ಕಾಲಡಿಯಿಂದ ಬಂದದ್ದು, ದೇವಾಲಯದ ಮಾಡಿನದೂ ಸೇರಿ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ. ಅವಳ ಹಿಮ್ಮಡಿ ಗದ್ದೆ ಬಿರುಕು ಬಿಟ್ಟ ಹಾಗೆ, ಬಿರುಕಿನೊಳಗೆಲ್ಲ ಕೆಂಪು. ಎಷ್ಟು ತಿಕ್ಕಿದರೂ ಹೋಗದು.

ಊರು ತಲೆ ತಗ್ಗಿಸಿದ ಆ ವರ್ಷ, ಗುರುವಾರದ ಹಿಂದಿನ ಬುಧವಾರ ಮಧ್ಯಾಹ್ನ ಅವಳೇ ತಮ್ಮನನ್ನು ಹೇಳಿಕಳುಹಿಸಿ ಕರೆಸಿದಳು. ಅವನು ಗುಂಡಿಯ ಅಂಚಿನಲ್ಲಿ, ಬೂಟಿಗೆ ಮಣ್ಣು ತಾಗದಷ್ಟು ದೂರದಲ್ಲಿ ನಿಂತ. ಕೆಳಗೆ ಹದಿನಾರು ಹೆಂಗಸರು ಹಗ್ಗ ಹಿಡಿದು ತುಳಿಯುತ್ತಿದ್ದರು, ಎಲ್ಲರ ಕಾಲೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಬೀಳುತ್ತಿತ್ತು.

"ಮೇಲೆ ನೋಡು ತಮ್ಮಾ," ಎಂದಳು ಅಕ್ಕ. "ದಂಡೆ ನೋಡು."

ಗುಂಡಿಯ ಮೇಲಿನ ಮಣ್ಣಿನ ದಂಡೆ ಮೂರಾಳೆತ್ತರ. ಅದರಲ್ಲಿ ಮೇಲಿಂದ ಕೆಳಕ್ಕೆ ಒಂದು ಸೀಳು.

"ಹೋದ ವಾರ ಬೆರಳು ಹೋಗುತ್ತಿತ್ತು. ಈಗ ಕೈ ಹೋಗ್ತದೆ. ಯಜಮಾನನಿಗೆ ಹೇಳಿದ್ದಾಯಿತು. ಬೀಳುವಾಗ ನೋಡುವ ಅಂತಾನೆ. ನಾಳೆ ನನ್ನನ್ನು ಒಂದು ಮಣೆಯ ಹಿಂದೆ ಕೂರಿಸು. ದೊರೆ ಕೇಳ್ತಾನಲ್ಲ, ಎಲ್ಲಿಯ ಕೆಸರು ಅಂತ. ನಾನು ಹೇಳ್ತೇನೆ. ಅಷ್ಟೇ ಸಾಕು."

"ಅಕ್ಕ, ನಾನೊಂದು ಅರ್ಜಿ ಬರೆದುಕೊಡ್ತೇನೆ. ಚೆನ್ನಾಗಿ ಬರೆದುಕೊಡ್ತೇನೆ."

"ಅರ್ಜಿಗೆ ಕಾಲುಂಟಾ ಮಾರಾಯ? ಅರಮನೆಯವರೆಗೆ ನಡೆದುಕೊಂಡು ಹೋಗ್ತದಾ?"

ಕೆಳಗಿದ್ದ ಹೆಂಗಸರು ನಕ್ಕರು. ಒಬ್ಬಳು, "ಇವರ ಬೂಟಿಗಾದರೂ ಸ್ವಲ್ಪ ಮೆತ್ತಿ ಕಳುಹಿಸುವ ಅಕ್ಕ, ಅದೇ ಹೋಗಿ ಹೇಳಲಿ," ಎಂದಳು. ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ.

"ಈ ಸಲ ಹೆಸರು ಬಂದುಬಿಟ್ಟಿದೆ. ಬರುವ ವರ್ಷ ಖಂಡಿತ."

"ನೀನು ಪ್ರತಿ ವರ್ಷ ಅದನ್ನೇ ಹೇಳಿದ್ದಿ. ನಾನು ಬೇಸರ ಮಾಡಲಿಲ್ಲ. ಈಗ ಕಾಲು ಊದಿಕೊಂಡಿದೆ, ಬರುವ ವರ್ಷ ದೇವಾಲಯದವರೆಗೆ ನಡೆಯಲಿಕ್ಕೆ ನನಗಾಗದು. ದಂಡೆಗೆ ಬರುವ ವರ್ಷದವರೆಗೆ ಪುರಸೊತ್ತೂ ಇಲ್ಲ."

ಅವನು ಏನೋ ಒಂದು ಹೇಳಿದ, ಏನೆಂದು ಅವನಿಗೇ ನೆನಪಿಲ್ಲ. ಗಡಿಯಾರ ನೋಡಿಕೊಂಡು ಹೊರಟ.

ಗುರುವಾರ ಬೆಳಿಗ್ಗೆ ದೇವಾಲಯ ತುಂಬಿತ್ತು. ಹನ್ನೆರಡು ಮಣೆ, ಬೆಳ್ಳಿಯ ಬೋಗುಣಿ, ಪನ್ನೀರು. ದೊರೆ ರೇಷ್ಮೆಯ ದಿಂಬಿನ ಮೇಲೆ ಮೊಣಕಾಲೂರಿ ಒಂದೊಂದೇ ಕಾಲು ಹಿಡಿಯುತ್ತ ಬಂದ. ಇದು ಎಲ್ಲಿಯ ಕೆಸರು? ಭಕ್ತಿಯ ಕೆಸರು. ಆಮೆನ್. ಇದು ಎಲ್ಲಿಯ ಕೆಸರು? ಭಕ್ತಿಯ ಕೆಸರು. ಆಮೆನ್. ಹಾಡುವವರ ಮೇಳ ತೂಕಡಿಸುವಷ್ಟು ಮೆತ್ತಗೆ ಹಾಡುತ್ತಿತ್ತು.

ಹನ್ನೆರಡನೆಯ ಮಣೆ ದೊರೆಯ ಭಾವಮೈದುನನದು. ಅವನು ಅಲ್ಲಿರಲಿಲ್ಲ. ಕೆಸರು ಬಳಿಸಿಕೊಳ್ಳಲು ತಡವಾಗಿ ಬಂದಿದ್ದ, ಇನ್ನೂ ಆರಿರಲಿಲ್ಲ. ಪಕ್ಕದ ಜಗಲಿಯಲ್ಲಿ ಕಾಲು ಬಿಸಿಲಿಗೆ ಚಾಚಿ ಕೂತು, "ಊದು, ಇನ್ನೂ ಸ್ವಲ್ಪ ಜೋರಾಗಿ ಊದು," ಎಂದು ಬಳಿಯುವವನಿಗೆ ಹೇಳುತ್ತಿದ್ದ. ಬಳಿಯುವವನು ಕೆನ್ನೆ ಉಬ್ಬಿಸಿ ಊದುತ್ತಿದ್ದ.

ಆ ಖಾಲಿ ಮಣೆಯ ಹಿಂದೆ ಅಕ್ಕ ಬಂದು ಕೂತು, ಮಣೆಯ ಮೇಲೆ ಕಾಲಿಟ್ಟಳು. ಅಡ್ಡಗಟ್ಟು ಹೇಗೆ ದಾಟಿದಳು? ಕಾವಲಿಗಿದ್ದವನ ತಾಯಿಯೂ ಅದೇ ಗುಂಡಿಯಲ್ಲಿ ತುಳಿಯುವವಳು. ಅವನು ಆ ಹೊತ್ತಿಗೆ ಸರಿಯಾಗಿ ಮುಂಡಾಸು ಕಟ್ಟಿಕೊಳ್ಳಲು ಗೋಡೆಯ ಕಡೆ ತಿರುಗಿದ. ಅಕ್ಕ ನೇರ ಗುಂಡಿಯಿಂದಲೇ ಬಂದಿದ್ದಳು. ಬಾಗಿಲಿನಿಂದ ಮಣೆಯವರೆಗೆ ಬಿಳಿಗಲ್ಲಿನ ಮೇಲೆ ಕೆಂಪು ಹೆಜ್ಜೆ.

ದೊರೆ ತಲೆಯೆತ್ತಿ ನೋಡಲಿಲ್ಲ. ಅಭ್ಯಾಸದಿಂದ ಕೈ ಚಾಚಿ ಕಾಲು ಹಿಡಿದ, ಅಭ್ಯಾಸದಿಂದಲೇ ಕೇಳಿದ: "ಇದು ಎಲ್ಲಿಯ ಕೆಸರು?"

"ಆವೆಯ ಹಿಂದಿನ ಗುಂಡಿಯದು, ದೊರೆಗಳೇ. ದಂಡೆ ಸೀಳಿದೆ. ಕೆಳಗೆ ನಾವು ಹದಿನಾರು ಜನ ಹೆಂಗಸರು ಇದ್ದೇವೆ."

ಹಾಡು ನಿಂತಿತು. ದೊರೆ ತನ್ನ ಅಂಗೈ ನೋಡಿಕೊಂಡ, ಅಂಗೈ ಕೆಂಪಾಗಿತ್ತು. ತಂಬಿಗೆ ಎತ್ತಿದ್ದ ಕೈ ಹಾಗೇ ನಿಂತಿತು. ಬೇಡ ಎಂದರೆ ಪಟ್ಟ ಹೋಗುತ್ತದೆ. ನೀರು ಹೊಯ್ದರೆ ದಂಡೆ ಕಟ್ಟಿಸಬೇಕಾಗುತ್ತದೆ, ಆ ಆವೆಯ ಯಜಮಾನನೋ ಅವನ ಷಡ್ಡಕ. ಮಂತ್ರಿ ಬಗ್ಗಿ ಕಿವಿಯಲ್ಲಿ ಏನೋ ಹೇಳಿದ. ದೊರೆಯ ಮುಖದಲ್ಲಿ ನಗು ಬಂತು. ಆರಿಸುವವನ ಕಡೆ ತಿರುಗಿದ.

"ಆರಿಸುವವನೇ, ಇದು ನೀನು ಆರಿಸಿದ ಕಾಲೋ?"

ನೋಡಿ, ಒಂದೇ ಮಾತು. ಹೌದು ಎಂದರೆ ಸಾಕಿತ್ತು. ಅವನ ಬಾಯಿಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಅವನು ಅಕ್ಕನ ಮುಖ ನೋಡಲಿಲ್ಲ, ಕಾಲು ನೋಡಿದ. ಆ ಕಾಲಿನ ಮೇಲೆ ಕೂತು ಅವನು ಚಿಕ್ಕಂದಿನಲ್ಲಿ ಉಯ್ಯಾಲೆಯಾಡಿದ್ದ. ಈಗ ಇಡೀ ಸಭೆ ಅದೇ ಕಾಲನ್ನು ನೋಡುತ್ತಿತ್ತು, ಆಮೇಲೆ ಅವನ ಬೂಟು ನೋಡುತ್ತಿತ್ತು.

"ಅಲ್ಲ, ದೊರೆಗಳೇ."

"ಈಕೆ ಯಾರು, ನಿನಗೆ ಗೊತ್ತೋ?"

"ಗೊತ್ತಿಲ್ಲ, ದೊರೆಗಳೇ."

ಸಭಾಪಾಲಕರು ತಡೆಯಲಾರದೆ ಮೆಲ್ಲಗೆ ಕೇಳಿದರು: "ಈಕೆ ನಿನ್ನ ಅಕ್ಕನಲ್ಲವೇನಯ್ಯಾ? ನಿನ್ನ ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ಬಂದವಳಲ್ಲವೇ?"

"ಅಲ್ಲ ಅಯ್ಯನವರೇ. ನನಗೆ ಅಕ್ಕನೇ ಇಲ್ಲ."

ಅಕ್ಕ ಅಳಲಿಲ್ಲ. ಜಗಳವಾಡಲಿಲ್ಲ. ತಮ್ಮ ಸುಳ್ಳು ಹೇಳಿದನೆಂದು ತಾನು ಬಾಯಿಬಿಟ್ಟರೆ ಅವನ ಗತಿ ಏನಾದೀತೆಂದು ಅವಳಿಗೆ ಗೊತ್ತಿತ್ತು. "ಹೌದು ದೊರೆಗಳೇ," ಎಂದಳು. "ಜಾಗ ತಪ್ಪಿ ಕೂತೆ." ಮಣೆಯಿಂದ ಕಾಲು ಇಳಿಸಿದಳು. ಎದ್ದು ತಿರುಗಿದಾಗ ತನ್ನದೇ ಹೆಜ್ಜೆಗಳು ಕಣ್ಣಿಗೆ ಬಿದ್ದವು. "ಅಯ್ಯೋ, ದೇವರ ಮನೆಯ ನೆಲ!" ಎಂದು ಅಲ್ಲೇ ಮೊಣಕಾಲೂರಿ, ಸೆರಗಿನ ತುದಿಯನ್ನು ಬೋಗುಣಿಯಲ್ಲಿ ಅದ್ದಿ, ಮೊದಲನೆಯ ಹೆಜ್ಜೆ ಒರೆಸಿದಳು. ಸರಿದಳು. ಎರಡನೆಯದು ಒರೆಸಿದಳು. ಸರಿದಳು. ಊದಿದ ಕಾಲು, ನಿಧಾನವಾಗಿ ಸರಿಯುತ್ತಿದ್ದಳು. ಒಬ್ಬರೂ ಅಲುಗಲಿಲ್ಲ. ಆ ದಿನ ಆ ದೇವಾಲಯದಲ್ಲಿ ದಿಂಬಿಲ್ಲದೆ ಮೊಣಕಾಲೂರಿದವಳು ಅವಳೊಬ್ಬಳೇ.

ಅವಳು ಬಾಗಿಲು ತಲುಪುವ ಹೊತ್ತಿಗೆ ಜನ ನೋಡಿದರು. ಅವಳು ಒರೆಸಿದ ಕಡೆಯೆಲ್ಲ ಕಲ್ಲು ಹಾಲಿನಂತೆ ಬೆಳ್ಳಗಿತ್ತು. ಉಳಿದ ನೆಲ ಬೆಳ್ಳಗಿರಲಿಲ್ಲ. ಎಷ್ಟೋ ವರ್ಷದಿಂದ ಅದು ಕರಿದ ಎಣ್ಣೆಯ ಬಣ್ಣಕ್ಕೆ ತಿರುಗಿತ್ತು, ದಿನವೂ ನೋಡುವವರಿಗೆ ಅದೇ ಬಿಳಿ ಎಂದು ರೂಢಿಯಾಗಿತ್ತು. ಕೆಳಗಿನ ಬೀದಿಯ ಕಾಲೊಂದೂ ಒಳಗೆ ಬಾರದ ಮೇಲೆ ಈ ಕೊಳಕೆಲ್ಲ ಯಾರ ಕಾಲಿನದು? ಮಣೆಯಿಂದ ಬಾಗಿಲಿನವರೆಗೆ ಬಿಳಿಯ ಹೆಜ್ಜೆಗಳ ಸಾಲು, ಸುತ್ತಲೂ ಊರಿನವರ ಕಪ್ಪು. ಹೊರಗೆ ಹೋಗಲು ಇದ್ದದ್ದು ಅದೊಂದೇ ದಾರಿ. ದೊರೆಯೂ ಅದರ ಪಕ್ಕದಲ್ಲೇ ನಡೆಯಬೇಕಾಯಿತು, ಸಭಾಪಾಲಕರೂ, ಹಾಡುವವರೂ. ತಲೆ ಯಾಕೆ ತಗ್ಗಿತೆಂದು ಈಗ ಗೊತ್ತಾಯಿತಲ್ಲ?

ಎಲ್ಲರೂ ಹೋದ ಮೇಲೆ ಆರಿಸುವವನೊಬ್ಬ ಉಳಿದ. ಬೂಟು ಬಿಚ್ಚಿ ಬೆಂಚಿನಡಿಗೆ ಇಟ್ಟ. ಕಾಲುಚೀಲ ಬಿಚ್ಚಿದ. ಬರಿಗಾಲಿನಲ್ಲಿ ಕಲ್ಲುದಾರಿ ಹಿಡಿದು, ಅಡ್ಡಗಟ್ಟು ದಾಟಿ, ಆವೆಯವರೆಗೆ ನಡೆದ. ಮೂವತ್ತೊಂದು ವರ್ಷ ಬೂಟಿನಲ್ಲಿದ್ದ ಕಾಲು, ಹತ್ತು ಹೆಜ್ಜೆಗೊಮ್ಮೆ ಅಯ್ಯೋ ಅನ್ನುತ್ತಿದ್ದ. ಯಾರೂ ಕನಿಕರಪಡಲಿಲ್ಲ, ಯಾರೂ ನೋಡಲೂ ಇಲ್ಲ.

ಅಕ್ಕ ಆಗಲೇ ಗುಂಡಿಯಲ್ಲಿದ್ದಳು, ಹಗ್ಗ ಹಿಡಿದು ತುಳಿಯುತ್ತಿದ್ದಳು. ಅವನು ಗುಂಡಿಗೆ ಇಳಿದ. ಹೆಂಗಸರು ತುಳಿಯುವುದನ್ನು ನಿಲ್ಲಿಸಲಿಲ್ಲ, ಈ ಸಲ ನಗಲೂ ಇಲ್ಲ.

"ಪಂಚೆ ಎತ್ತಿ ಕಟ್ಟು, ಕೆಸರಾಗ್ತದೆ," ಎಂದಳು ಅಕ್ಕ.

"ಅಕ್ಕ, ನಾನು..." ಬಗ್ಗಿ ಅವಳ ಕಾಲು ಹಿಡಿಯಹೋದ.

ಅವಳು ಕಾಲು ಹಿಂದೆಳೆದುಕೊಂಡಳು. "ಈಗ ಹಿಡಿದು ಎಂತ ಮಾಡ್ತಿ? ಇಲ್ಲಿ ತೊಳೆದರೆ ಇಲ್ಲೇ ಕೆಸರು. ನನಗೆ ನೀನು ಹೇಳಿದ್ದರಿಂದ ನೋವಾಯಿತೋ ಇಲ್ಲವೋ ಅದನ್ನು ಆಮೇಲೆ ಮಾತಾಡುವ. ಮೊದಲು ಇವರನ್ನೆಲ್ಲ ಮೇಲೆ ಹತ್ತಿಸು."

"ನನ್ನ ಮಾತನ್ನು ಯಜಮಾನ ಕೇಳ್ತಾನಾ?"

"ಅವನು ಕೇಳುವುದು ಬೇಡ. ಕಟ್ಟಳೆಯ ಕೊನೆಯ ಸಾಲು ನಿನಗೆ ಬಾಯಿಪಾಠ ಮಾಡಿಸಿದವಳು ನಾನು. ಮರೆತೆಯಾ?"

ಮರೆತಿರಲಿಲ್ಲ. ಆರಿಸುವವನು ತಾನು ತಪ್ಪಿ ಆರಿಸಿದೆನೆಂದು ಊರಿನೆದುರು ಒಪ್ಪಿಕೊಂಡರೆ, ಮತ್ತೆ ಆರಿಸುವವರೆಗೆ ಊರಿನಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಕೂಡದು. ದೊರೆ ಸಿಂಹಾಸನ ಇಳಿಯಬೇಕು, ಕಮ್ಮಾರ ಸುತ್ತಿಗೆ ಇಳಿಸಬೇಕು, ಗುಂಡಿಯಲ್ಲಿದ್ದವರು ಮೇಲೆ ಬರಬೇಕು. ಒಪ್ಪಿಕೊಂಡವನ ಕೋಟು ಹೋಗುತ್ತದೆ, ಬೆಂಚು ಹೋಗುತ್ತದೆ, ಹೆಸರಂತೂ ಹೋಗಿಯೇ ಹೋಗುತ್ತದೆ. ಅದನ್ನು ಬಳಸಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

"ಹೋಗಿ ಹೇಳ್ತೇನೆ," ಎಂದ. "ಇವತ್ತು ಬೆಳಿಗ್ಗೆ ನಾನು ಸುಳ್ಳಾಡಿದೆ ಅಂತ ಹೇಳ್ತೇನೆ."

"ಇವತ್ತಿನದು ಇಡೀ ಊರು ಕಣ್ಣಾರೆ ಕಂಡಿದೆ, ಅದನ್ನು ಹೇಳಲು ನೀನು ಬೇಕಾ? ಮೊದಲನೆಯದನ್ನು ಹೇಳು." ಅವಳು ಒಂದು ಗಳಿಗೆ ತುಳಿಯುವುದನ್ನು ನಿಲ್ಲಿಸಿದಳು. "ಮತ್ತೆ ಒಂದು ಮಾತು. ದಿನ ಹೇಳು. ಎಂದೋ ಒಂದು ದಿನ ತಪ್ಪಾಯಿತು ಅಂದರೆ ಯಾರೂ ಮಾಡಲಿಲ್ಲ ಅಂದ ಹಾಗೆ ಆಗ್ತದೆ."

ಅವನು ದೇವಾಲಯಕ್ಕೆ ಬಂದು ತಾನೇ ಗಂಟೆ ಹೊಡೆದ. ಜನ ಬಂದರು, ಇನ್ನೂ ತಲೆ ತಗ್ಗಿಸಿಕೊಂಡೇ ಬಂದರು. ದೊರೆಯೂ ಬಂದ, ಭಾವಮೈದುನನೂ ಬಂದ, ಅವನ ಕಾಲಿನ ಕೆಸರು ಈಗ ಚೆನ್ನಾಗಿ ಆರಿತ್ತು. ಆರಿಸುವವನು ಮೆಟ್ಟಿಲ ಮೇಲೆ ಬರಿಗಾಲಿನಲ್ಲಿ ನಿಂತು ಕೈಮುಗಿದು ಶುರುಮಾಡಿದ: "ಸಹೋದರ ಸಹೋದರಿಯರೇ, ಕಾಲಾನುಕಾಲದಿಂದ ನಮ್ಮ ಊರಿನಲ್ಲಿ ಕೆಲವು ತಪ್ಪುಗಳು ನಡೆದುಬಂದಿವೆ..."

ಒಬ್ಬ ತಲೆಯೆತ್ತಿದ. "ಹೌದು ಹೌದು, ಕಾಲವೇ ಹಾಗಾಗಿದೆ," ಎಂದ. ಪಕ್ಕದವನೂ ತಲೆಯೆತ್ತಿದ. "ಎಲ್ಲ ಕಡೆಯೂ ಇದೇ ಕಥೆ." ರೊಟ್ಟಿ ಸುಡುವವನು, "ನಮ್ಮ ಅಜ್ಜನ ಕಾಲಕ್ಕೇ ಕೆಟ್ಟಿತ್ತಂತೆ," ಎಂದ. ಮಂತ್ರಿ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡ. ದೊರೆ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ. ಒಂದೊಂದೇ ಮುಖ ಮೇಲೆ ಬಂತು, ಒಂದೊಂದೇ ಮುಖ ತಿಳಿಯಾಯಿತು. ಹೆಂಗಸರು ಕೈಕೂಸುಗಳನ್ನು ಸರಿಮಾಡಿಕೊಂಡರು. ಇನ್ನೆರಡು ಮಾತು ಹೀಗೇ ಹೇಳಿದ್ದರೆ ಎಲ್ಲರೂ ಹಗುರಾಗಿ ಮನೆಗೆ ಹೋಗಿ ಬಡಿಸಿಕೊಂಡು ಉಣ್ಣುತ್ತಿದ್ದರು.

ಆ ಮುಖಗಳನ್ನು ನೋಡಿ ಆರಿಸುವವನಿಗೆ, ಬೆಳಿಗ್ಗೆ ಅಕ್ಕನಿಲ್ಲ ಎಂದಾಗಲೂ ಆಗದಷ್ಟು ನಾಚಿಕೆಯಾಯಿತು. ಅವರ ಮುಖದಲ್ಲಿದ್ದ ಸಮಾಧಾನ ಇತ್ತಲ್ಲ, ಅದು ಅವನೇ ಮೂವತ್ತೊಂದು ವರ್ಷ ದಿನ ಬೆಳಗಾದರೆ ಕನ್ನಡಿಯಲ್ಲಿ ನೋಡಿಕೊಂಡ ಸಮಾಧಾನ.

"ತಾಳಿ," ಎಂದ. "ಕಾಲ ಏನೂ ಮಾಡಲಿಲ್ಲ. ನಾನು ಮಾಡಿದ್ದು."

ಅವನು ಹೇಳಿದ. ಅವನಿಗೆ ಆ ಕೆಲಸ ಸಿಕ್ಕಿದ ಮೊದಲ ವರ್ಷ. ಆಗ ದಿಂಬಿರಲಿಲ್ಲ, ಪನ್ನೀರಿರಲಿಲ್ಲ, ಕೆಸರು ಬಳಿಯುವವನಿರಲಿಲ್ಲ, ಅರಮನೆಯ ಚೀಟಿಯೂ ಇರಲಿಲ್ಲ. ದೊಡ್ಡ ದೊರೆ ಒಳ್ಳೆಯವನು, ಮಂಡಿನೋವಿದ್ದರೂ ಕಲ್ಲಿನ ಮೇಲೇ ಮೊಣಕಾಲೂರುತ್ತಿದ್ದ. ಹೊಸ ಕೋಟು ಹಾಕಿಕೊಂಡು, ಬಿಳಿಯ ಬಟ್ಟೆ ಹಿಡಿದುಕೊಂಡು ಅವನು ಕಟ್ಟಕಡೆಗೆ ಆವೆಗೆ ಹೋದ. ಊರಿನಲ್ಲೇ ಕೊಳಕಾದ ಕಾಲು ಯಾರದೆಂದು ಅವನಿಗೆ ಬಟ್ಟೆ ಒತ್ತದೆಯೇ ಗೊತ್ತಿತ್ತು. ಮೊದಲನೆಯ ಮಣೆ ಅವಳದು. ಮಾರನೆಯ ದಿನ ಊರೆಲ್ಲ ನೋಡುತ್ತದೆ, ಆರಿಸುವವನ ಅಕ್ಕ ಮಣ್ಣು ತುಳಿಯುವವಳು ಅನ್ನುತ್ತದೆ. ಅವನು ಆವೆಯ ಕಂಬದ ಹಿಂದೆ ನಿಂತ, ಅವಳ ಕಾಲು ನೋಡಿದ, ತನ್ನ ಹೊಸ ಬೂಟು ನೋಡಿಕೊಂಡ, ಬಟ್ಟೆಯನ್ನು ಮಡಚಿ ಕಂಕುಳಿಗೆ ಸೇರಿಸಿ ಹಿಂದಿರುಗಿದ. ಅವಳ ಜಾಗಕ್ಕೆ ಗಾಣದವನನ್ನು ಆರಿಸಿದ. ದೊರೆ ಹೇಳಿರಲಿಲ್ಲ. ಮಂತ್ರಿ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಒಬ್ಬಳನ್ನು ಬಿಟ್ಟು ಆರಿಸಬಹುದೆಂದು ಮಂತ್ರಿಗೆ ತಿಳಿದದ್ದು ಮುಂದಿನ ವರ್ಷ. ಉಳಿದದ್ದೆಲ್ಲ ಅವರು ಇವನಿಂದ ಕಲಿತದ್ದು.

"ನಾಚಿಕೆಪಡಬೇಕಾದ ಕಡೆ ಪಡಲಿಲ್ಲ," ಎಂದ. "ಪಡಬಾರದ ಕಡೆ ಪಟ್ಟೆ. ಕರ್ತನು ಹಿಡಿದ ಕಾಲನ್ನು ನಾನು ಬಚ್ಚಿಟ್ಟೆ. ಅವಳು ನನ್ನ ಅಕ್ಕ. ನಾನು ತಪ್ಪಿ ಆರಿಸಿದೆ."

ಮೇಲೆ ಬಂದಿದ್ದ ತಲೆಗಳು ಮತ್ತೆ ತಗ್ಗಿದವು. ಆಗ ಒಂದು ವಿಚಿತ್ರ ನಡೆಯಿತು. ಮುದುಕನೊಬ್ಬ ತುಟಿ ಅಲುಗಿಸತೊಡಗಿದ, ಬೆರಳು ಮಡಚಿ ಮಡಚಿ ಏನನ್ನೋ ನೆನಪುಮಾಡಿಕೊಳ್ಳುತ್ತಿದ್ದ. ಪಕ್ಕದ ಹೆಂಗಸೂ ಬೆರಳು ಮಡಚಿದಳು. ಸಭಾಪಾಲಕರು ಕಣ್ಣು ಮುಚ್ಚಿ, "ಅದು ಭಾನುವಾರ," ಎಂದು ತಮಗೆ ತಾವೇ ಹೇಳಿಕೊಂಡರು. ಒಬ್ಬೊಬ್ಬರೂ ತಮ್ಮ ತಮ್ಮ ದಿನ ಹುಡುಕುತ್ತಿದ್ದರು. ದೊರೆ ಮಾತ್ರ ಸುತ್ತ ನೋಡಿದ, ಆಮೆನ್ ಎನ್ನಲು ಬಾಯಿ ತೆರೆದ, ಯಾರೂ ಜೊತೆಗೆ ಬರಲಿಲ್ಲ. ಸೊಂಟದ ಬಟ್ಟೆ ಬಿಚ್ಚಿ ಮೆಟ್ಟಿಲ ಮೇಲಿಟ್ಟು ಕೆಳಗಿನ ಮೆಟ್ಟಿಲಲ್ಲಿ ಕೂತ.

ಊರಿನಲ್ಲಿ ಸುತ್ತಿಗೆ ನಿಂತಿತು, ಗಾಣ ನಿಂತಿತು, ಒಲೆ ಆರಿತು. ಸುದ್ದಿ ಆವೆ ಮುಟ್ಟಿತು. ಹದಿನಾರು ಹೆಂಗಸರು ಹಗ್ಗ ಹಿಡಿದು ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ಅಕ್ಕ ಕೊನೆಯವಳು, ಕಾಲು ಊದಿತ್ತಲ್ಲ, ಮೂವರು ಸೇರಿ ಎಳೆದುಕೊಳ್ಳಬೇಕಾಯಿತು. ದಂಡೆ ಬಿತ್ತೇ ಅನ್ನುತ್ತೀರಾ? ಆ ದಿನ ಬೀಳಲಿಲ್ಲ. ಬಿದ್ದಿದ್ದರೆ ಮಾತ್ರ ಅವನು ಹೇಳಿದ್ದು ಸರಿಯೆಂದು ಒಪ್ಪುವವರು ನೀವಾದರೆ ಇಷ್ಟು ಹೊತ್ತು ನಾನು ಬಾಯಿ ನೋಯಿಸಿಕೊಂಡದ್ದು ವ್ಯರ್ಥ.

ಅಕ್ಕ ತಮ್ಮನನ್ನು ಕ್ಷಮಿಸಿದಳೋ ಇಲ್ಲವೋ, ಅವರಿಬ್ಬರೂ ಆಮೇಲೆ ಮಾತಾಡಿಕೊಂಡಿರಬೇಕು. ನನಗೆ ತಿಳಿಯದು. ಆವೆಯ ಪಕ್ಕದಲ್ಲಿ ಕೂತು ಸುದ್ದಿ ತಂದವನನ್ನು ಅವಳು ಕೇಳಿದ್ದು ಒಂದೇ ಮಾತು: "ದಿನ ಹೇಳಿದನಾ?"

ಹೇಳಿದ್ದ. ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿದ್ದ, ನಾನೇ ನಿಮಗೆ ಹೇಳುವಾಗ ಹಿಂದೆ ಮುಂದೆ ಮಾಡಿದೆ. ಊರು ಕೆಟ್ಟದ್ದು ಅಜ್ಜನ ಕಾಲದಲ್ಲೂ ಅಲ್ಲ, ಕಾಲಾನುಕಾಲದಿಂದಲೂ ಅಲ್ಲ. ಮೂವತ್ತೊಂದು ವರ್ಷದ ಹಿಂದೆ, ಗರಿಗಳ ಭಾನುವಾರ ಕಳೆದ ಮೂರನೆಯ ದಿನ, ಮಾರ್ಚ್ ಇಪ್ಪತ್ತೆಂಟು, ಬುಧವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ.